ಜಿಂಬಾಬ್ವೆಯ ಸರ್ಕಾರಿ ಮತ್ತು ಖಾಸಗಿ ಪತ್ರಿಕೆಗಳಲ್ಲಿ ಮಾನವ ಹಕ್ಕು ಉಲ್ಲಂಘನೆಯ ವರದಿಗಳು: ಹೋಲಿಸಿ ಓದುವುದು ಹೇಗೆ?

ಪ್ರಶ್ನೆ
ಸಂಶೋಧನಾ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮದ ಸ್ನಾತಕೋತ್ತರ ಕಿರುಪ್ರಬಂಧಕ್ಕಾಗಿ ನಾನು ಕೆಲವು ತಿಂಗಳಿನಿಂದ ಜಿಂಬಾಬ್ವೆಯ ಹಳೆಯ ಪತ್ರಿಕೆಗಳನ್ನು ಓದುತ್ತಿದ್ದೇನೆ. ಮಾನವ ಹಕ್ಕುಗಳ ಉಲ್ಲಂಘನೆಯನ್ನು ಅಲ್ಲಿನ ಸರ್ಕಾರಿ ಪತ್ರಿಕೆಗಳು ಹೇಗೆ ವರದಿ ಮಾಡಿದವು, ಖಾಸಗಿ ಪತ್ರಿಕೆಗಳು ಹೇಗೆ ವರದಿ ಮಾಡಿದವು ಎಂಬುದು ನನ್ನ ವಿಷಯ. ಸರ್ಕಾರಿ ಪತ್ರಿಕೆಗಳೆಂದು ನಾನು ತೆಗೆದುಕೊಂಡಿರುವುದು ಜಿಂಪೇಪರ್ಸ್ ಸಂಸ್ಥೆಯ ಹೆರಾಲ್ಡ್, ಕ್ರಾನಿಕಲ್ ಮತ್ತು ಸಂಡೇ ಮೇಲ್ ಪತ್ರಿಕೆಗಳನ್ನು. ಖಾಸಗಿ ಪತ್ರಿಕೆಗಳೆಂದು 1999ರಲ್ಲಿ ಆರಂಭವಾದ ಡೇಲಿ ನ್ಯೂಸ್ ಹಾಗೂ ವಾರಕ್ಕೊಮ್ಮೆ ಬರುವ ಸ್ಟ್ಯಾಂಡರ್ಡ್ ಮತ್ತು ಜಿಂಬಾಬ್ವೆ ಇಂಡಿಪೆಂಡೆಂಟ್ ಪತ್ರಿಕೆಗಳನ್ನು.

ಇದುವರೆಗೆ ನಾನು ಮಾಡಿರುವುದು ಬಹುತೇಕ ಎಣಿಕೆಯ ಕೆಲಸ. ಒಂದು ಘಟನೆಯನ್ನು ಯಾವ ಪತ್ರಿಕೆ ಎಷ್ಟು ದಿನ ಬರೆಯಿತು, ಯಾವ ಪುಟದಲ್ಲಿ ಬರೆಯಿತು, ಎಷ್ಟು ಜಾಗ ಕೊಟ್ಟಿತು ಎಂದು ಕೋಷ್ಟಕ ತಯಾರಿಸಿದ್ದೇನೆ. ಅದನ್ನು ನೋಡಿದ ನನ್ನ ಮಾರ್ಗದರ್ಶಕರು, ‘ಸರ್ಕಾರಿ ಪತ್ರಿಕೆ ಮುಚ್ಚಿಡುತ್ತದೆ, ಖಾಸಗಿ ಪತ್ರಿಕೆ ಬಿಚ್ಚಿಡುತ್ತದೆ ಎನ್ನುವುದಕ್ಕೆ ಇಷ್ಟೊಂದು ಕೋಷ್ಟಕ ಬೇಕೇನಮ್ಮಾ?’ ಎಂದು ಕೇಳಿದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು 2005ರ ಮೇ ತಿಂಗಳಲ್ಲಿ ಹರಾರೆಯಲ್ಲಿ ಆರಂಭವಾಗಿ ದೇಶದ ಇತರ ನಗರಗಳಿಗೂ ಹಬ್ಬಿದ ತೆರವು ಕಾರ್ಯಾಚರಣೆ. ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿ ಹೋಗಿದ್ದ ಅನಾ ತಿಬೈಜುಕಾ ಅವರ ವರದಿಯ ಪ್ರಕಾರ, ಸುಮಾರು 7 ಲಕ್ಷ ಜನರು ಮನೆಯನ್ನೋ ಜೀವನೋಪಾಯವನ್ನೋ ಅಥವಾ ಎರಡನ್ನೂ ಕಳೆದುಕೊಂಡರು. ಅದೇ ಘಟನೆ ಹೆರಾಲ್ಡ್‌ನಲ್ಲಿ ಅಕ್ರಮ ಕಟ್ಟಡಗಳ ತೆರವಾಗಿ, ನಗರದ ಸ್ವಚ್ಛತೆಯಾಗಿ, ಕಾಳಸಂತೆಯ ನಿಗ್ರಹವಾಗಿ ಕಾಣಿಸುತ್ತದೆ. ಹೆರಾಲ್ಡ್ ಅದನ್ನು ಬರೆಯದೇ ಬಿಟ್ಟಿಲ್ಲ. ಪ್ರತಿದಿನವೂ ಬರೆದಿದೆ, ಮುಖಪುಟದಲ್ಲಿಯೇ ಬರೆದಿದೆ. ಹಾಗಾಗಿ ನನ್ನ ಎಣಿಕೆಯಲ್ಲಿ ಹೆರಾಲ್ಡ್‌ಗೆ ಒಳ್ಳೆಯ ಅಂಕ ಬರುತ್ತದೆ. ಇತ್ತ ಡೇಲಿ ನ್ಯೂಸ್ ಆ ಹೊತ್ತಿಗೆ ಮುಚ್ಚಿಹೋಗಿದ್ದರಿಂದ ಅದರ ಸಾಲಿನ ಉದ್ದಕ್ಕೂ ಶೂನ್ಯವನ್ನು ತುಂಬಿದ್ದೇನೆ. ಎಲ್ಲೋ ತಪ್ಪುತ್ತಿದ್ದೇನೆ ಎಂಬುದು ತಿಳಿಯುತ್ತಿದೆ, ಎಲ್ಲಿ ಎಂಬುದು ತಿಳಿಯುತ್ತಿಲ್ಲ. ಎಣಿಕೆಯನ್ನು ಬಿಟ್ಟು ಏನನ್ನು ಹೋಲಿಸಬೇಕು? ಪತ್ರಿಕೆಯಲ್ಲಿ ಕೆಲಸ ಮಾಡಿದವರು, ಆ ದೇಶದ ಚರಿತ್ರೆಯನ್ನು ಓದಿಕೊಂಡವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1
ನಿವೃತ್ತ ಉಪಸಂಪಾದಕ:

ಮೇಡಂ, ಪುಟ ಮತ್ತು ಕಾಲಂ ಅಳೆಯುವುದು ತಪ್ಪಲ್ಲ. ಆದರೆ ಅದು ಬೇಯದ ಅಕ್ಕಿಯನ್ನು ಸೇರಿನಲ್ಲಿ ಅಳೆದಂತೆ. ನಾನು ಬಹಳ ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕುಳಿತು ಬೇರೆಯವರ ವಾಕ್ಯಗಳನ್ನು ತಿದ್ದಿದವನು. ಆ ಅನುಭವದಿಂದ ಹೇಳುವುದಾದರೆ, ನೀವು ಮೊದಲು ನೋಡಬೇಕಾದದ್ದು ಕ್ರಿಯಾಪದವನ್ನು. ಏನಾಯಿತು ಎಂಬುದನ್ನು ಎರಡೂ ಬಗೆಯ ಪತ್ರಿಕೆಗಳು ಹೇಗೋ ಹೇಳಿಬಿಡುತ್ತವೆ. ಯಾರು ಮಾಡಿದರು ಎಂಬಲ್ಲಿಗೆ ಬಂದಾಗ ವಾಕ್ಯ ಬಾಗುತ್ತದೆ.

ನಮ್ಮ ಭಾಷೆಯಲ್ಲಿಯೇ ನೋಡಿ. ‘ಗೋಲಿಬಾರ್‌ನಲ್ಲಿ ಮೂವರ ಸಾವು’ ಎಂಬ ಶೀರ್ಷಿಕೆಯನ್ನು ನಾನೇ ಎಷ್ಟು ಬಾರಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಗೋಲಿಬಾರ್ ಎಂಬ ಆ ನಾಮಪದದೊಳಗೆ ಗುಂಡು ಇದೆ, ಸದ್ದು ಇದೆ, ಹೊಗೆಯೂ ಇದೆ. ಬಂದೂಕು ಹಿಡಿದವನು ಮಾತ್ರ ಇಲ್ಲ. ಹೀಗೆ ಕರ್ತೃವನ್ನು ಕಳಚಿಹಾಕುವುದಕ್ಕೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ ಎಂಬುದನ್ನು ನಾನು ಕಲಿತದ್ದು ಬಹಳ ತಡವಾಗಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. 2018ರ ಚುನಾವಣೆಯ ನಂತರ, ಆಗಸ್ಟ್ 1ರಂದು, ಫಲಿತಾಂಶ ವಿಳಂಬವಾದುದನ್ನು ಪ್ರತಿಭಟಿಸಿ ಹರಾರೆಯ ಬೀದಿಗಿಳಿದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಆರು ಜನ ಸತ್ತರು. ಈ ಘಟನೆ ನಿಮಗೆ ಉಪಯುಕ್ತವೆಂದು ನಾನು ಹೇಳುವುದಕ್ಕೆ ಕಾರಣವಿದೆ. ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಕಗಾಲೆಮಾ ಮೊಟ್ಲಾಂಟೆ ಅವರ ನೇತೃತ್ವದಲ್ಲಿ ತನಿಖಾ ಆಯೋಗ ರಚನೆಯಾಗಿ, ಸಾವುಗಳಿಗೆ ಸೈನ್ಯ ಮತ್ತು ಪೊಲೀಸರ ಕ್ರಮವೇ ಕಾರಣವೆಂದು ಅದೇ ವರ್ಷದ ಕೊನೆಯಲ್ಲಿ ವರದಿ ಸಲ್ಲಿಸಿತು. ಆಯೋಗವನ್ನು ನೇಮಿಸಿದವರು ದೇಶದ ಅಧ್ಯಕ್ಷರೇ. ಅಂದರೆ ಆ ವಾಕ್ಯದ ಕರ್ತೃ ಯಾರು ಎಂಬುದು ಪಕ್ಷ ಪ್ರತಿಪಕ್ಷಗಳ ವಾದವಾಗಿ ಉಳಿಯದೆ ದಾಖಲೆಯ ಮಾತಾಯಿತು. ಈಗ ಆಗಸ್ಟ್ 2ರಿಂದ ಒಂದು ವಾರದ ಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಸಾವಿನ ಸುದ್ದಿ ಇರುವ ಪ್ರತಿಯೊಂದು ವಾಕ್ಯದಲ್ಲಿಯೂ ಕರ್ತೃಸ್ಥಾನದಲ್ಲಿ ಯಾರು ಕುಳಿತಿದ್ದಾರೆಂದು ಬರೆದುಕೊಳ್ಳಿ. ಸೈನಿಕರೇ, ಗುಂಡುಗಳೇ, ‘ಹಿಂಸಾಚಾರ’ವೇ, ಪ್ರತಿಭಟನೆಗೆ ಕರೆದ ಪಕ್ಷವೇ? ನಂತರ ಆಯೋಗದ ವರದಿ ಬಂದ ದಿನದ ಪತ್ರಿಕೆಗಳನ್ನು ತೆಗೆದು ಅದೇ ಕೆಲಸ ಮಾಡಿ. ಕರ್ತೃ ಬದಲಾದನೇ ಎಂದು ನೋಡಿದರೆ ನಿಮ್ಮ ಮಾರ್ಗದರ್ಶಕರಿಗೆ ಹೇಳಲು ಏನಾದರೂ ಸಿಗಬಹುದು.

ಈ ಕೌಶಲ ಜಿಂಬಾಬ್ವೆಯಲ್ಲಿ 1980ರ ಸ್ವಾತಂತ್ರ್ಯದ ನಂತರ ಹುಟ್ಟಿದ್ದೂ ಅಲ್ಲ. ಹೆರಾಲ್ಡ್‌ನ ಮೂಲ 1891ಕ್ಕೆ ಹೋಗುತ್ತದೆ. ಸ್ವಾತಂತ್ರ್ಯಕ್ಕೆ ಮುನ್ನ ರೊಡೇಶಿಯಾ ಎಂದು ಕರೆಯುತ್ತಿದ್ದ ಆ ದೇಶದ ಬಿಳಿಯರ ಸರ್ಕಾರ ಗೆರಿಲ್ಲಾ ಯುದ್ಧದ ವರ್ಷಗಳಲ್ಲಿ ಹೊರಡಿಸುತ್ತಿದ್ದ ಸೇನಾ ಪ್ರಕಟಣೆಗಳಲ್ಲಿ ಹಳ್ಳಿಯ ಜನ ಗುಂಡಿನ ಚಕಮಕಿಯ ನಡುವೆ ಸಿಕ್ಕು ಸಾಯುತ್ತಿದ್ದರು, ಇಲ್ಲವೇ ಕರ್ಫ್ಯೂ ಮುರಿದು ಸಾಯುತ್ತಿದ್ದರು. ಅವರನ್ನು ಕೊಂದವರು ಮಾತ್ರ ಆ ಪ್ರಕಟಣೆಗಳಲ್ಲಿ ಇರುತ್ತಿರಲಿಲ್ಲ. ಸ್ವಾತಂತ್ರ್ಯದ ನಂತರ ಒಡೆತನ ಬದಲಾಯಿತು: ದಕ್ಷಿಣ ಆಫ್ರಿಕಾದ ಆರ್ಗಸ್ ಸಮೂಹದ ಕೈಯಲ್ಲಿದ್ದ ಷೇರುಗಳನ್ನು 1981ರಲ್ಲಿ ನೈಜೀರಿಯಾ ಕೊಟ್ಟ ಅನುದಾನದಿಂದ ಕೊಂಡು ಒಂದು ಟ್ರಸ್ಟ್‌ಗೆ ವಹಿಸಲಾಯಿತು. ಸರ್ಕಾರ ಮತ್ತು ಪತ್ರಿಕೆಯ ನಡುವೆ ಅಂತರವಿರಲಿ ಎಂಬುದೇ ಆ ಟ್ರಸ್ಟ್‌ನ ಉದ್ದೇಶವಾಗಿತ್ತು; ನಡೆದದ್ದು ಬೇರೆ. ಪೊಲೀಸ್ ವಕ್ತಾರರ ಹೇಳಿಕೆಯನ್ನೇ ಸುದ್ದಿಯ ಮೊದಲ ಪ್ಯಾರಾ ಮಾಡುವ ಅಭ್ಯಾಸ ಒಡೆಯನೊಂದಿಗೆ ಮನೆ ಖಾಲಿ ಮಾಡುವುದಿಲ್ಲ.

ಹೆಸರುಗಳ ಬಗ್ಗೆಯೂ ಒಂದು ಮಾತು. ಯಾರಿಗೆ ಹೆಸರು, ವಯಸ್ಸು, ಊರು, ಮಕ್ಕಳು ಇವೆ, ಯಾರಿಗೆ ಸಂಖ್ಯೆ ಮಾತ್ರ ಇದೆ ಎಂಬುದನ್ನು ಗುರುತು ಹಾಕಿಕೊಳ್ಳಿ. 2000ದಿಂದ ನಡೆದ ಜಮೀನು ಆಕ್ರಮಣದ ಸಂದರ್ಭದಲ್ಲಿ ಕೊಲೆಯಾದ ಬಿಳಿಯ ರೈತರ ಹೆಸರು, ಭಾವಚಿತ್ರ, ಕುಟುಂಬದ ವಿವರಗಳು ಖಾಸಗಿ ಪತ್ರಿಕೆಗಳಲ್ಲಿಯೂ ವಿದೇಶಿ ಪತ್ರಿಕೆಗಳಲ್ಲಿಯೂ ಬಂದವು, ಬರಬೇಕಾದದ್ದೇ. ಆದರೆ ಅದೇ ತೋಟಗಳಿಂದ ಹೊರದಬ್ಬಲ್ಪಟ್ಟ, ಹೊಡೆತ ತಿಂದ ಕಪ್ಪು ಕೂಲಿಕಾರ ಕುಟುಂಬಗಳು ಬಹುಮಟ್ಟಿಗೆ ‘ಸಾವಿರಾರು ಕಾರ್ಮಿಕರು’ ಆಗಿಯೇ ಉಳಿದರು. ಹೆರಾಲ್ಡ್‌ಗಂತೂ ಅವರು ಜಮೀನ್ದಾರರ ಬಾಲಂಗೋಚಿಗಳು. ಎರಡು ಕಡೆಯ ಪತ್ರಿಕೆಗಳಿಗೂ ಬೇಡವಾದ ಸಂತ್ರಸ್ತರು ಇರುತ್ತಾರೆ ಎಂಬುದನ್ನು ನಿಮ್ಮ ಕೋಷ್ಟಕ ಹಿಡಿಯಲಾರದು.

ಉತ್ತರ 2
ಕಾನೂನು ಓದಿದವನು:

ಹಿರಿಯರು ಹೇಳಿದ ಕ್ರಿಯಾಪದದ ಮಾತು ಸರಿ. ಆದರೆ ಖಾಸಗಿ ಪತ್ರಿಕೆಯ ವಾಕ್ಯ ಅಂಜುತ್ತಾ ನಡೆಯುವುದನ್ನು ಕಂಡಾಗ ಅದರ ಹಿಂದಿನ ಕಾನೂನನ್ನೂ ಓದಿಕೊಳ್ಳಬೇಕು ಎಂದು ನನ್ನ ವಿನಂತಿ. ಒಂದೇ ವಾಕ್ಯರಚನೆ ಒಂದು ಪತ್ರಿಕೆಯಲ್ಲಿ ಮರೆಮಾಚುವಿಕೆಯಾಗಿರುತ್ತದೆ, ಇನ್ನೊಂದರಲ್ಲಿ ಜೈಲಿನಿಂದ ತಪ್ಪಿಸಿಕೊಳ್ಳುವ ಉಪಾಯವಾಗಿರುತ್ತದೆ.

1999ರ ಜನವರಿಯಲ್ಲಿ ಸ್ಟ್ಯಾಂಡರ್ಡ್ ಪತ್ರಿಕೆ, ಸೈನ್ಯದಲ್ಲಿ ಕ್ಷಿಪ್ರಕ್ರಾಂತಿಯ ಸಂಚು ನಡೆದು ಅಧಿಕಾರಿಗಳ ಬಂಧನವಾಗಿದೆ ಎಂಬ ವರದಿಯನ್ನು ಪ್ರಕಟಿಸಿತು. ಸಂಪಾದಕ ಮಾರ್ಕ್ ಚವುಂಡುಕಾ ಮತ್ತು ವರದಿಗಾರ ರೇ ಚೋಟೊ ಅವರನ್ನು ಸೇನೆಯ ವಶದಲ್ಲಿಟ್ಟು ಹಿಂಸಿಸಲಾಯಿತು. ಸಂಪಾದಕರನ್ನು ಬಿಡಬೇಕೆಂಬ ಹೈಕೋರ್ಟಿನ ಆದೇಶವನ್ನೂ ಸೇನೆ ಲೆಕ್ಕಿಸಲಿಲ್ಲ. ಅವರ ಮೇಲೆ ಹೊರಿಸಿದ್ದು ‘ಸುಳ್ಳು ಸುದ್ದಿ’ಯ ಆರೋಪ, ಮತ್ತು ಆ ಕಲಂ ಇದ್ದದ್ದು ಬಿಳಿಯರ ಸರ್ಕಾರ 1960ರಲ್ಲಿ ಮಾಡಿದ ಕಾನೂನು ಮತ್ತು ಸುವ್ಯವಸ್ಥೆ ಕಾಯ್ದೆಯಲ್ಲಿ. ಸ್ವಾತಂತ್ರ್ಯ ಹೋರಾಟಗಾರರನ್ನು ಜೈಲಿಗೆ ಕಳಿಸಿದ ಕಾಯ್ದೆಯನ್ನು ಅದೇ ಹೋರಾಟಗಾರರ ಸರ್ಕಾರ ಇಪ್ಪತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿತು.

ಎರಡೇ ವರ್ಷದಲ್ಲಿ, 2002ರ ಮಾರ್ಚ್‌ನಲ್ಲಿ, ಹೊಸ ಮಾಧ್ಯಮ ಕಾಯ್ದೆ ಬಂತು. ಹೆಸರಿನಲ್ಲಿ ಅದು ಮಾಹಿತಿ ಪಡೆಯುವ ಹಕ್ಕಿನ ಮತ್ತು ಖಾಸಗಿತನದ ರಕ್ಷಣೆಯ ಕಾಯ್ದೆ. ಒಳಗಿದ್ದದ್ದು ಪತ್ರಿಕೆಗಳಿಗೂ ಪತ್ರಕರ್ತರಿಗೂ ಕಡ್ಡಾಯ ನೋಂದಣಿ. ಡೇಲಿ ನ್ಯೂಸ್ ನೋಂದಣಿಗೆ ಒಪ್ಪದೆ ಕಾಯ್ದೆಯನ್ನೇ ಪ್ರಶ್ನಿಸಿತು. 2003ರ ಸೆಪ್ಟೆಂಬರ್ 11ರಂದು ಸುಪ್ರೀಂ ಕೋರ್ಟ್, ಮೊದಲು ಕಾನೂನನ್ನು ಪಾಲಿಸಿ ಆಮೇಲೆ ಪ್ರಶ್ನಿಸಲು ಬನ್ನಿ, ಕೊಳಕು ಕೈಗಳೊಂದಿಗೆ ನ್ಯಾಯಾಲಯದ ಮುಂದೆ ನಿಲ್ಲಲಾಗದು ಎಂಬ ತತ್ತ್ವದ ಮೇಲೆ ಅರ್ಜಿಯನ್ನು ಕೇಳಲು ನಿರಾಕರಿಸಿತು. ಮರುದಿನ ಪೊಲೀಸರು ಪತ್ರಿಕೆಯ ಕಚೇರಿಗೆ ನುಗ್ಗಿದರು. ನಡುವೆ ನ್ಯಾಯಾಲಯದ ಆದೇಶಗಳಿಂದ ಕೆಲವು ದಿನ ಹೊರಬಂದದ್ದನ್ನು ಬಿಟ್ಟರೆ, ಹೆರಾಲ್ಡ್‌ಗಿಂತ ಹೆಚ್ಚು ಮಾರಾಟವಾಗುತ್ತಿದ್ದ ದಿನಪತ್ರಿಕೆಯೊಂದು 2011ರವರೆಗೆ ಜನರ ಕೈಗೆ ಸಿಗಲಿಲ್ಲ. ಇದಕ್ಕೂ ಮುನ್ನ, 2001ರ ಜನವರಿಯಲ್ಲಿ, ಅದರ ಮುದ್ರಣಯಂತ್ರವನ್ನು ಯಾರೋ ಬಾಂಬಿಟ್ಟು ಸ್ಫೋಟಿಸಿದ್ದರು.

2013ರ ಸಂವಿಧಾನದ 61ನೇ ಕಲಮನ್ನು ನೀವು ತಪ್ಪದೇ ಓದಬೇಕು. ಸರ್ಕಾರಿ ಒಡೆತನದ ಮಾಧ್ಯಮಗಳು ತಮ್ಮ ಸಂಪಾದಕೀಯ ವಿಷಯವನ್ನು ಸ್ವತಂತ್ರವಾಗಿ ನಿರ್ಧರಿಸಬೇಕು, ನಿಷ್ಪಕ್ಷಪಾತವಾಗಿರಬೇಕು, ಭಿನ್ನಾಭಿಪ್ರಾಯಗಳಿಗೆ ನ್ಯಾಯವಾದ ಅವಕಾಶ ಕೊಡಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2018ರ ಚುನಾವಣೆಯ ವರದಿಯಲ್ಲಿ ಸರ್ಕಾರಿ ಮಾಧ್ಯಮಗಳು ಈ ಹೊಣೆಯನ್ನು ಮೀರಿದವೆಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಹಾಗಾಗಿ 2013ರ ನಂತರದ ಹೆರಾಲ್ಡ್‌ನ ಪಕ್ಷಪಾತವನ್ನು ಅಭಿರುಚಿಯ ಅಥವಾ ವೃತ್ತಿಧರ್ಮದ ಪ್ರಶ್ನೆಯೆಂದಷ್ಟೇ ಬರೆಯಬೇಡಿ. ಅದು ಸಂವಿಧಾನದ ಪ್ರಶ್ನೆ. ಖಾಸಗಿ ಪತ್ರಿಕೆಯ ಮೇಲೆ ಆ ಕಲಂ ಈ ಹೊಣೆಯನ್ನು ಹೊರಿಸಿಲ್ಲ.

ಪ್ರಶ್ನೆ ಕೇಳಿದವರಿಂದ
ಸಂಶೋಧನಾ ವಿದ್ಯಾರ್ಥಿನಿ:

ಇಬ್ಬರಿಗೂ ಅನಂತ ಧನ್ಯವಾದಗಳು. ಸರ್ ಹೇಳಿದಂತೆ ಆಗಸ್ಟ್ 2018ರ ಕೆಲವು ವರದಿಗಳಲ್ಲಿ ಕರ್ತೃಪದವನ್ನು ಗುರುತು ಹಾಕಲು ಆರಂಭಿಸಿದ್ದೇನೆ. ಒಂದು ಸಂಜೆಯಲ್ಲಿಯೇ ಕಣ್ಣಿಗೆ ಬೇರೆಯದೇ ಕನ್ನಡಕ ಹಾಕಿದಂತಾಗಿದೆ.

ಎರಡು ಗೊಂದಲಗಳು ಉಳಿದಿವೆ. ದೇಶದ ಪಶ್ಚಿಮ ಭಾಗದ ಮಟಬೆಲೆಲ್ಯಾಂಡಿನಲ್ಲಿ 1983ರಿಂದ ಸೈನ್ಯ ನಡೆಸಿದ ಗುಕುರಹುಂಡಿ ಹತ್ಯೆಗಳನ್ನು ನಾನು ಅಧ್ಯಯನದಿಂದ ಹೊರಗಿಟ್ಟಿದ್ದೇನೆ, ಏಕೆಂದರೆ ಆಗ ದೇಶದಲ್ಲಿ ಹೋಲಿಸಲು ಸರಿಸಾಟಿಯಾದ ಖಾಸಗಿ ದಿನಪತ್ರಿಕೆಯೇ ಇರಲಿಲ್ಲ. ಇದು ಸರಿಯೇ? ಎರಡನೆಯದು, 2002ರಲ್ಲಿ ಡೇಲಿ ನ್ಯೂಸ್ ಪ್ರಕಟಿಸಿ ನಂತರ ಸುಳ್ಳೆಂದು ತಿಳಿದುಬಂದ, ಮಕ್ಕಳ ಎದುರಿನಲ್ಲೇ ಮಹಿಳೆಯೊಬ್ಬರ ತಲೆ ಕಡಿಯಲಾಯಿತೆಂಬ ವರದಿ. ಅದನ್ನು ಸೇರಿಸಿದರೆ ಖಾಸಗಿ ಪತ್ರಿಕೆಗಳೂ ಹಾಗೆಯೇ ಎಂಬ ತೀರ್ಮಾನಕ್ಕೆ ದಾರಿಯಾಗುತ್ತದೆ, ಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ.

ಉತ್ತರ 3
ಆಫ್ರಿಕಾ ಚರಿತ್ರೆಯ ಓದುಗ:

ಗುಕುರಹುಂಡಿಯನ್ನು ದಯವಿಟ್ಟು ಬಿಡಬೇಡಿ. ಸರ್ಕಾರಿ ಮತ್ತು ಖಾಸಗಿ ಎಂಬ ನಿಮ್ಮ ವಿಂಗಡಣೆ ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗುವುದಿಲ್ಲ.

ಉತ್ತರ ಕೊರಿಯಾದವರಿಂದ ತರಬೇತಿ ಪಡೆದ ಐದನೇ ಬ್ರಿಗೇಡನ್ನು 1983ರ ಜನವರಿಯಲ್ಲಿ ಮಟಬೆಲೆಲ್ಯಾಂಡಿನ ಉತ್ತರ ಭಾಗಕ್ಕೆ ಕಳಿಸಲಾಯಿತು. ಮರುವರ್ಷ ದಕ್ಷಿಣ ಭಾಗದಲ್ಲಿ ಕರ್ಫ್ಯೂ ಹಾಕಿ, ಬರಗಾಲದ ನಡುವೆ ಆಹಾರ ಸರಬರಾಜನ್ನೂ ತಡೆಹಿಡಿಯಲಾಯಿತು. ಆಡಳಿತ ಪಕ್ಷವೂ ಮುಖ್ಯ ವಿರೋಧ ಪಕ್ಷವೂ ಒಂದಾದ 1987ರ ಡಿಸೆಂಬರ್‌ನ ಐಕ್ಯತಾ ಒಪ್ಪಂದದವರೆಗೆ ಸತ್ತವರು ಸಾವಿರಾರು. 20,000 ಎಂಬ ಅಂದಾಜು ಹೆಚ್ಚಾಗಿ ಬಳಕೆಯಲ್ಲಿದೆ. ಬುಲವಾಯೊದಲ್ಲಿ ಅಚ್ಚಾಗುತ್ತಿದ್ದ ಕ್ರಾನಿಕಲ್‌ಗೆ ಇದು ತನ್ನ ಹಿತ್ತಿಲಲ್ಲಿ ನಡೆದದ್ದು. ಆದರೂ ಅದರಲ್ಲಿ ಕಾಣುವುದು ‘ಡಿಸಿಡೆಂಟ್’ಗಳ, ಎಂದರೆ ಸರ್ಕಾರ ಭಿನ್ನಮತೀಯ ಬಂಡುಕೋರರೆಂದು ಕರೆದವರ, ಕೃತ್ಯಗಳ ಸುದ್ದಿ. ಗಮನಿಸಿ, ಅದು ಕಟ್ಟುಕತೆಯಲ್ಲ. ಬಂಡುಕೋರರು ಕೊಲೆಗಳನ್ನು ಮಾಡಿದ್ದು ನಿಜ. ಒಂದು ಕಡೆಯ ಸತ್ತವರನ್ನು ಮಾತ್ರ ಎಣಿಸುವುದರಿಂದ ಸುಳ್ಳಿಲ್ಲದ ಸುಳ್ಳು ಹುಟ್ಟುತ್ತದೆ.

ಇನ್ನು ಖಾಸಗಿ ಒಡೆತನದ ಕತೆ. ಲಂಡನ್ನಿನ ಅಬ್ಸರ್ವರ್ ಪತ್ರಿಕೆಯ ಸಂಪಾದಕ ಡೊನಾಲ್ಡ್ ಟ್ರೆಲ್ಫರ್ಡ್ 1984ರ ಏಪ್ರಿಲ್‌ನಲ್ಲಿ ಮಟಬೆಲೆಲ್ಯಾಂಡಿಗೆ ಹೋಗಿ, ಜನರ ಬಾಯಿಂದಲೇ ಕೇಳಿದ್ದನ್ನು ಬರೆದರು. ಆ ಪತ್ರಿಕೆಯ ಒಡೆತನ ಟೈನಿ ರೋಲೆಂಡ್ ಅವರ ಲೋನ್ರೋ ಕಂಪನಿಯದು, ಮತ್ತು ಲೋನ್ರೋಗೆ ಜಿಂಬಾಬ್ವೆಯಲ್ಲಿ ದೊಡ್ಡ ವ್ಯವಹಾರಗಳಿದ್ದವು. ಒಡೆಯರೇ ತಮ್ಮ ಸಂಪಾದಕರ ವರದಿಯನ್ನು ಬಹಿರಂಗವಾಗಿ ತಳ್ಳಿಹಾಕಿ ಆಗಿನ ಪ್ರಧಾನಿ ಮುಗಾಬೆಯವರ ಕ್ಷಮೆ ಕೇಳಿದರು. ವರದಿ ಅಚ್ಚಾದದ್ದು ಖಾಸಗಿ ಪತ್ರಿಕೆಯಲ್ಲಿ, ಅದರ ಮೇಲೆ ಮೊದಲ ಕಲ್ಲು ಬಿದ್ದದ್ದೂ ಖಾಸಗಿ ಒಡೆಯನ ಕೈಯಿಂದ.

ಇದರ ತಿರುವುಮುರುವು ನಾಲ್ಕೇ ವರ್ಷದಲ್ಲಿ ನಡೆಯಿತು. ಮಂತ್ರಿಗಳೂ ದೊಡ್ಡವರೂ ವಿಲೋವೇಲ್ ಕಾರ್ಖಾನೆಯಿಂದ ಸರದಿ ಇಲ್ಲದೆ ನಿಗದಿತ ಬೆಲೆಗೆ ಕಾರು ಪಡೆದು ಹೆಚ್ಚಿನ ಬೆಲೆಗೆ ಮಾರುತ್ತಿದ್ದ ಹಗರಣವನ್ನು 1988ರಲ್ಲಿ ಹೊರಗೆಳೆದದ್ದು ಖಾಸಗಿ ಪತ್ರಿಕೆಯಲ್ಲ, ಅದೇ ಸರ್ಕಾರಿ ಕ್ರಾನಿಕಲ್. ಸಂದುರಾ ಆಯೋಗ ವಿಚಾರಣೆ ನಡೆಸಿತು, ಮಂತ್ರಿಗಳು ರಾಜೀನಾಮೆ ಕೊಟ್ಟರು. ಸಂಪಾದಕ ಜೆಫ್ರಿ ನ್ಯಾರೊಟ ಅವರಿಗೆ ಸಿಕ್ಕ ಬಹುಮಾನವೆಂದರೆ ಸಂಪಾದಕನ ಕುರ್ಚಿಯಿಂದ ಎಬ್ಬಿಸಿ ಬಡ್ತಿಯ ಹೆಸರಿನಲ್ಲಿ ಸಾರ್ವಜನಿಕ ಸಂಪರ್ಕದ ಹುದ್ದೆಗೆ ಕೂರಿಸಿದ್ದು. ಮುಂದೆ ಡೇಲಿ ನ್ಯೂಸ್ ಕಟ್ಟಿದವರು ಅವರೇ. ಇಲ್ಲಿ ಯೋಚಿಸಬೇಕಾದ ಸಂಗತಿಯೊಂದಿದೆ: ಕಾರುಗಳ ಬಗ್ಗೆ ಬರೆಯುವ ಧೈರ್ಯ ತೋರಿದ ಪತ್ರಿಕೆಗೆ, ಕೆಲವೇ ವರ್ಷಗಳ ಹಿಂದೆ, ಹೆಣಗಳ ಬಗ್ಗೆ ಬರೆಯಲಾಗಲಿಲ್ಲ. ಭ್ರಷ್ಟಾಚಾರದ ವರದಿ ವ್ಯಕ್ತಿಗಳನ್ನು ಮುಟ್ಟುತ್ತದೆ; ಸೈನ್ಯ ಮಾಡಿದ ಹತ್ಯೆಯ ವರದಿ ರಾಜ್ಯವನ್ನೇ ಮುಟ್ಟುತ್ತದೆ. ಸರ್ಕಾರಿ ಪತ್ರಿಕೆಯ ಹಗ್ಗ ಎಷ್ಟು ಉದ್ದ, ಎಲ್ಲಿ ಬಿಗಿಯುತ್ತದೆ ಎಂಬುದನ್ನು ಅಳೆಯುವುದಕ್ಕೆ ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಡುವುದು ಒಳ್ಳೆಯದು.

ಹೋಲಿಕೆಗೆ ಖಾಸಗಿ ದಿನಪತ್ರಿಕೆ ಇರಲಿಲ್ಲ ಎಂದಿರಿ. ಹೋಲಿಸಬೇಕಾದದ್ದು ಪತ್ರಿಕೆಯನ್ನೇ ಎಂದು ಯಾರು ಹೇಳಿದರು? 1970ರ ದಶಕದಲ್ಲಿ ರೊಡೇಶಿಯಾ ಸೈನ್ಯದ ಚಿತ್ರಹಿಂಸೆಯನ್ನು ದಾಖಲಿಸಿದ ಕ್ಯಾಥೊಲಿಕ್ ನ್ಯಾಯ ಮತ್ತು ಶಾಂತಿ ಆಯೋಗವೇ ಗುಕುರಹುಂಡಿಯನ್ನೂ ದಾಖಲಿಸಿತು. ವಕೀಲರ ಸಂಸ್ಥೆಯೊಂದರ ಜತೆಗೂಡಿ 1997ರಲ್ಲಿ ಅದರ ವರದಿಯನ್ನು ಸಿದ್ಧಪಡಿಸಿತು. ಹಳ್ಳಿ ಹಳ್ಳಿಯ ದಿನಾಂಕಗಳು ಅದರಲ್ಲಿವೆ. ಆ ದಿನಾಂಕಗಳನ್ನು ಹಿಡಿದು ಅಂದಿನ ಕ್ರಾನಿಕಲ್‌ನ ಸಂಚಿಕೆಗಳನ್ನು ತೆರೆಯಿರಿ. ಅಲ್ಲಿ ಆ ದಿನ ಏನಿತ್ತು ಎಂಬುದೇ ನಿಮ್ಮ ದತ್ತಾಂಶ.

ಉತ್ತರ 4
ನಿವೃತ್ತ ಉಪಸಂಪಾದಕ:

ಎರಡನೆಯ ಗೊಂದಲಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ಡೆಸ್ಕಿನ ಪಾಪ. 2002ರ ಆ ವರದಿಯನ್ನು ಖಂಡಿತ ಸೇರಿಸಿ. ಆಡಳಿತ ಪಕ್ಷದ ಯುವಕರು ಹೀಗೆ ಮಾಡಿದರೆಂದು ದೂರು ಬಂದಾಗ, ಆಗಿನ ವಾತಾವರಣದಲ್ಲಿ ಅದು ನಂಬಲಾಗದ ಮಾತಾಗಿರಲಿಲ್ಲ. ನಂಬುವಂತಿರುವ ಸುದ್ದಿಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಮರುಪರಿಶೀಲಿಸಲು ಯಾರಿಗೂ ಕೈ ಬರುವುದಿಲ್ಲ. ಊರಿನವರನ್ನೂ ಸಂಬಂಧಿಕರನ್ನೂ ಕೇಳುವ ಮೊದಲೇ ಅದು ಅಚ್ಚಿಗೆ ಹೋಯಿತು.

ಆದರೆ ಅದರ ಮುಂದಿನದನ್ನೂ ಬರೆಯಿರಿ. ಡೇಲಿ ನ್ಯೂಸ್ ತಪ್ಪೊಪ್ಪಿಕೊಂಡು ಕ್ಷಮೆ ಯಾಚಿಸಿತು. ಸರ್ಕಾರ ಅಷ್ಟಕ್ಕೆ ಬಿಡದೆ, ಆ ಸುದ್ದಿಯನ್ನು ಆಧರಿಸಿ ಬರೆದ ಗಾರ್ಡಿಯನ್‌ನ ವರದಿಗಾರ ಆಂಡ್ರ್ಯೂ ಮೆಲ್‌ಡ್ರಮ್ ಅವರ ಮೇಲೆ ಹೊಸ ಮಾಧ್ಯಮ ಕಾಯ್ದೆಯಡಿ ಮೊಕದ್ದಮೆ ಹೂಡಿತು. 2002ರ ಜುಲೈನಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಮರುವರ್ಷ ಅವರನ್ನು ದೇಶದಿಂದಲೇ ಹೊರಹಾಕಲಾಯಿತು. ಹಾಗಾಗಿ ನೀವು ಹೋಲಿಸಬೇಕಾದದ್ದು ತಪ್ಪುಗಳನ್ನು ಮಾತ್ರವಲ್ಲ, ತಿದ್ದುಪಡಿಗಳನ್ನು. ಮೊಟ್ಲಾಂಟೆ ವರದಿಯ ನಂತರ ಹೆರಾಲ್ಡ್ ತನ್ನ ಆಗಸ್ಟ್ ತಿಂಗಳ ವಾಕ್ಯಗಳ ಬಗ್ಗೆ ಓದುಗರಿಗೆ ಏನಾದರೂ ಹೇಳಿತೇ ಎಂದು ಹುಡುಕಿ ನೋಡಿ.

ವಿರೋಧ ಪಕ್ಷದೊಳಗಿನ ಹೊಡೆದಾಟಗಳ ವಿಷಯದಲ್ಲಿ ಮಾತ್ರ ನನ್ನ ಸಲಹೆ ತದ್ವಿರುದ್ಧ. ಎಂಡಿಸಿ ಪಕ್ಷದ ಕೇಂದ್ರ ಕಚೇರಿಯ ಎದುರು 2014ರ ಫೆಬ್ರುವರಿಯಲ್ಲಿ ಅದೇ ಪಕ್ಷದ ನಾಯಕ ಎಲ್ಟನ್ ಮಂಗೋಮ ಅವರ ಮೇಲೆ ಹಲ್ಲೆ ನಡೆಯಿತಲ್ಲ, ಅಂಥ ಸಂದರ್ಭಗಳಲ್ಲಿ ಹೆರಾಲ್ಡ್‌ನ ವಾಕ್ಯಗಳಿಗೆ ದಿಢೀರನೆ ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಬರುತ್ತವೆ. ವ್ಯಾಕರಣ ಅವರಿಗೆ ಗೊತ್ತಿರಲಿಲ್ಲವೆಂದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅದೇ ದಿನ ಖಾಸಗಿ ಪತ್ರಿಕೆಗಳ ವಾಕ್ಯ ಹೇಗಿತ್ತು ಎಂಬುದನ್ನೂ ಅಷ್ಟೇ ನಿಷ್ಠುರವಾಗಿ ನೋಡಿ.

ಉತ್ತರ 5
ಕಾನೂನು ಓದಿದವನು:

ಬಿಟ್ಟುಹೋದ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ಖಾಸಗಿ ಎಂಬ ಹಣೆಪಟ್ಟಿಯನ್ನು ಒಮ್ಮೆ ಕೆರೆದು ನೋಡಿ. ಖಾಸಗಿಯೆಂದೇ ಎಲ್ಲರೂ ತಿಳಿದಿದ್ದ ಮಿರರ್ ಪತ್ರಿಕಾ ಸಮೂಹವನ್ನು ದೇಶದ ಗುಪ್ತಚರ ಸಂಸ್ಥೆ ಗುಟ್ಟಾಗಿ ವಶಪಡಿಸಿಕೊಂಡಿದೆ ಎಂದು ಜಿಂಬಾಬ್ವೆ ಇಂಡಿಪೆಂಡೆಂಟ್ 2005ರಲ್ಲಿ ವರದಿ ಮಾಡಿತು. ಇತ್ತ ಜಿಂಪೇಪರ್ಸ್ ಹರಾರೆಯ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ. ಕಾಗದದ ಮೇಲಿನ ಒಡೆತನವನ್ನಷ್ಟೇ ನೋಡಿ ವಿಂಗಡಿಸಿದರೆ ಎರಡೂ ಕಡೆ ಎಡವುತ್ತೀರಿ.

ಮತ್ತೊಂದು, ವಿತರಣೆ. ಬರೆದದ್ದು ಓದುಗರಿಗೆ ತಲುಪಿತೇ? 2000ದ ನಂತರದ ಚುನಾವಣೆಗಳ ಕಾಲದಲ್ಲಿ ಹಳ್ಳಿಗಾಡಿನಲ್ಲಿ ಡೇಲಿ ನ್ಯೂಸ್ ಕೈಯಲ್ಲಿ ಹಿಡಿದವರಿಗೆ ಹೊಡೆತ ಬೀಳುತ್ತಿತ್ತು. ಬ್ರಿಟನ್ನಿನಲ್ಲಿ ಸಂಪಾದನೆಗೊಂಡು ದಕ್ಷಿಣ ಆಫ್ರಿಕಾದಲ್ಲಿ ಅಚ್ಚಾಗಿ ಬರುತ್ತಿದ್ದ ಜಿಂಬಾಬ್ವಿಯನ್ ಪತ್ರಿಕೆಯ 60,000 ಪ್ರತಿಗಳಿದ್ದ ಲಾರಿಯನ್ನು 2008ರ ಮೇ ತಿಂಗಳಲ್ಲಿ, ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿಗೆ ಕೆಲವೇ ವಾರಗಳಿರುವಾಗ, ಅಡ್ಡಗಟ್ಟಿ ಸುಟ್ಟುಹಾಕಲಾಯಿತು; ಅದಾದ ಮೇಲೆ ವಿದೇಶದಿಂದ ಬರುವ ಪತ್ರಿಕೆಗಳನ್ನು ಐಷಾರಾಮಿ ವಸ್ತುವೆಂದು ಪರಿಗಣಿಸಿ ಸುಂಕ ಹೇರಲಾಯಿತು. ಪುಟಗಳ ಲೆಕ್ಕದಲ್ಲಿ ಆ ಸಂಚಿಕೆಗೆ ಪೂರ್ಣ ಅಂಕ, ಓದಿದವರ ಲೆಕ್ಕದಲ್ಲಿ ಬೂದಿ.

ನಿಮ್ಮ 2005ರ ತೆರವು ಕಾರ್ಯಾಚರಣೆಗೆ ಮರಳುವುದಾದರೆ, ಹೆಸರುಗಳಿಂದಲೇ ಆರಂಭಿಸಿ. ಶೋನಾ ಭಾಷೆಯಲ್ಲಿ ಅದು ಮುರಂಬತ್ಸ್ವಿನಾ, ಎಂದರೆ ಕೊಳೆಯನ್ನು ಸಹಿಸದಿರುವುದು. ಸರ್ಕಾರದ ಇಂಗ್ಲಿಷಿನಲ್ಲಿ ‘ಸುವ್ಯವಸ್ಥೆಯ ಮರುಸ್ಥಾಪನೆ’. ಕೊಳೆ ಯಾರು ಎಂಬುದನ್ನು ಶೋನಾ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಡವಿದ ವಸತಿಗಳಲ್ಲಿ ಹರಾರೆಯ ಹೊರವಲಯದ ಪೋರ್ಟಾ ಫಾರ್ಮ್ ಒಂದು. 1991ರಲ್ಲಿ ಕಾಮನ್‌ವೆಲ್ತ್ ಶೃಂಗಸಭೆಗೆ ಅತಿಥಿಗಳು ಬರುವ ಮುನ್ನ ನಗರದ ಬಡವರನ್ನು ಅಲ್ಲಿಗೆ ಸಾಗಿಸಿದ್ದು ಅಧಿಕಾರಿಗಳೇ. ಅವರನ್ನು ಒಕ್ಕಲೆಬ್ಬಿಸದಂತೆ ಹೈಕೋರ್ಟಿನ ಆದೇಶಗಳೂ ಇದ್ದವು. ‘ಅಕ್ರಮ ಕಟ್ಟಡ’ ಎಂದು ಬರೆದ ಪತ್ರಿಕೆಗಳಲ್ಲಿ ಎಷ್ಟು ಈ ಹಿಂದಿನ ಕತೆಯನ್ನು ಒಂದು ಸಾಲಿನಲ್ಲಾದರೂ ಹೇಳಿದವು ಎಂದು ಹುಡುಕಿ.

ಕೊನೆಯದಾಗಿ ನಿಮ್ಮ ಕೋಷ್ಟಕದಲ್ಲಿ ಒಂದು ತಿದ್ದುಪಡಿ. 1965ರ ನವೆಂಬರ್‌ನಲ್ಲಿ ಬಿಳಿಯರ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿ ಸೆನ್ಸಾರ್ ಹೇರಿದಾಗ, ಆಗಿನ ರೊಡೇಶಿಯಾ ಹೆರಾಲ್ಡ್ ಅಧಿಕಾರಿಗಳು ಹೊಡೆದುಹಾಕಿದ ಸುದ್ದಿಗಳ ಜಾಗಕ್ಕೆ ಬೇರೆ ಏನನ್ನೂ ತುಂಬದೆ, ಪುಟದಲ್ಲಿ ಬಿಳಿಯ ಜಾಗಗಳನ್ನು ಹಾಗೆಯೇ ಬಿಟ್ಟು ಅಚ್ಚು ಹಾಕಿತು. 2005ರ ಮೇ ತಿಂಗಳಿನ ಮುಂದೆ ಡೇಲಿ ನ್ಯೂಸ್ ಸಾಲಿನಲ್ಲಿ ನೀವು ತುಂಬಿರುವ ಶೂನ್ಯಗಳನ್ನು ಅಳಿಸಿ. ಆ ಚೌಕಗಳನ್ನು ಖಾಲಿ ಬಿಡಿ, ಅಡಿಯಲ್ಲಿ ಪತ್ರಿಕೆ ಮುಚ್ಚಿಸಲ್ಪಟ್ಟ ದಿನಾಂಕವನ್ನು ಬರೆಯಿರಿ.